ಝಾಮರಿನ್ ನಂತರ ಎಲ್ಲಿಗೆ? ಮೊಬೈಲ್ ಆ್ಯಪ್ ವೇದಿಕೆಗಳ ಲೈಸೆನ್ಸ್ ವೆಚ್ಚ ಮತ್ತು ಭರವಸೆಯ ಪ್ರಶ್ನೆ (ಆನ್‌ಲೈನ್ ಚರ್ಚೆ; ಪ್ರತಿ ಪೋಸ್ಟಿನ ಮೇಲೆ ಬರೆದವರ ಹೆಸರಿದೆ)

ಪಿಗ್ಮಿ ತಂಡ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ವರ ಸಣ್ಣ ತಂಡ. ಉತ್ತರ ಕರ್ನಾಟಕದ ಪತ್ತಿನ ಸಹಕಾರ ಸಂಘಗಳಿಗೆ ಪಿಗ್ಮಿ ಸಂಗ್ರಹದ ಆ್ಯಪ್ ಮಾಡಿಕೊಡುವುದು ನಮ್ಮ ಮುಖ್ಯ ಕೆಲಸ. ಪಿಗ್ಮಿ ಏಜೆಂಟರು ಅಂಗಡಿಯಿಂದ ಅಂಗಡಿಗೆ ಹೋಗಿ ಹಣ ಪಡೆದು, ಫೋನಿನಲ್ಲಿ ದಾಖಲಿಸಿ, ಜೊತೆಗಿರುವ ಸಣ್ಣ ಬ್ಲೂಟೂತ್ ಪ್ರಿಂಟರಿನಿಂದ ರಸೀದಿ ಹರಿದು ಕೊಡುತ್ತಾರೆ. ನೆಟ್‌ವರ್ಕ್ ಸಿಗದ ಓಣಿಗಳಲ್ಲೂ ಲೆಕ್ಕ ತಪ್ಪಬಾರದೆಂದು ದಿನದ ವಹಿವಾಟೆಲ್ಲ ಮೊದಲು ಫೋನಿನೊಳಗೇ ಉಳಿದು, ಸಂಜೆ ಸಂಘದ ಸರ್ವರಿಗೆ ಸೇರುತ್ತದೆ. ಈ ಆ್ಯಪನ್ನು ನಾವು ಝಾಮರಿನ್ ಫಾರ್ಮ್ಸ್‌ನಲ್ಲಿ, ಅಂದರೆ ಸಿ ಶಾರ್ಪ್ ಭಾಷೆಯಲ್ಲಿ ಒಮ್ಮೆ ಬರೆದ ಕೋಡಿನಿಂದ ಆಂಡ್ರಾಯ್ಡ್, ಐಒಎಸ್ ಎರಡಕ್ಕೂ ಆ್ಯಪ್ ಕಟ್ಟುವ ಉಪಕರಣದಲ್ಲಿ, ಬರೆದಿದ್ದೇವೆ.

ಝಾಮರಿನ್‌ಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2024ರ ಮೇ 1ಕ್ಕೆ ಮುಗಿದಿದೆ. ಅದರ ಕೊನೆಯ ಆವೃತ್ತಿ ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳಿಗೆ ಹೊಂದುವುದಿಲ್ಲ. ಆಂಡ್ರಾಯ್ಡ್‌ನ ಪ್ರತಿ ಆವೃತ್ತಿಗೆ ಎಪಿಐ ಎಂಬ ಕ್ರಮಸಂಖ್ಯೆ ಇರುತ್ತದೆ. ಪ್ಲೇ ಸ್ಟೋರ್ ಮಾತ್ರ ಹೊಸ ಅಪ್‌ಡೇಟುಗಳಿಗೆ 2024ರ ಆಗಸ್ಟ್ 31ರಿಂದ ಎಪಿಐ 34ನ್ನೂ, 2025ರ ಆಗಸ್ಟ್ 31ರಿಂದ ಎಪಿಐ 35ನ್ನೂ ಕಡ್ಡಾಯ ಮಾಡಿದೆ. ಹೀಗಾಗಿ ವಿಚಿತ್ರವಾದ ಸ್ಥಿತಿಯೊಂದು ಏರ್ಪಟ್ಟಿದೆ. ಉಪಕರಣ ಉಚಿತ, ಅದರ ಲೈಸೆನ್ಸ್ ನಮಗೆ ಯಾವ ಅಡ್ಡಿಯನ್ನೂ ಮಾಡುವುದಿಲ್ಲ, ಬರೆದ ಕೋಡ್ ಇಂದಿಗೂ ಸರಿಯಾಗಿ ಓಡುತ್ತದೆ; ಆದರೂ ಅದರಿಂದ ಕಟ್ಟಿದ ಅಪ್‌ಡೇಟನ್ನು ಸ್ಟೋರಿಗೆ ಹಾಕಲು ಬರುವುದಿಲ್ಲ.

ಝಾಮರಿನ್‌ನ ಉತ್ತರಾಧಿಕಾರಿಯಾದ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಮೌಯಿಗೆ ಹೋಗುವುದೋ, ಗೂಗಲ್‌ನ ಆ್ಯಪ್ ಉಪಕರಣ ಫ್ಲಟರ್ ಅಥವಾ ಆಂಡ್ರಾಯ್ಡ್‌ನ ಮುಖ್ಯ ಭಾಷೆಯಾದ ಕಾಟ್ಲಿನ್‌ನಲ್ಲಿ ಹೊಸದಾಗಿ ಬರೆಯುವುದೋ ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಭಾಷೆ ಯಾವುದು ಚೆಂದ ಎಂಬ ಚರ್ಚೆ ನಮಗೆ ಈಗ ಬೇಕಾಗಿಲ್ಲ. ಇಂದು ಏನೂ ಕೊಡದೆ ಪಡೆಯುವ ವೇದಿಕೆಗೆ ಮುಂದಿನ ಏಳೆಂಟು ವರ್ಷಗಳಲ್ಲಿ ನಾವು ಎಷ್ಟು ತೆರಬೇಕಾಗುತ್ತದೆ, ಆ ಮೊತ್ತವನ್ನು ನಿರ್ಧರಿಸುವ ಅಧಿಕಾರ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಅನುಭವಸ್ಥರಿಂದ ತಿಳಿಯಬೇಕಾಗಿದೆ.

ಮೊನೊ ಕಾಲದಿಂದ

ಝಾಮರಿನ್ ಒಂದು ಕಾಲಕ್ಕೆ ಸಾಕಷ್ಟು ದುಬಾರಿಯಾಗಿತ್ತು ಎಂಬುದನ್ನು ಹೊಸಬರಿಗೆ ಹೇಳಲೇಬೇಕು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ತಂತ್ರಾಂಶದ ಮುಕ್ತ ರೂಪವಾದ ಮೊನೊ ಯೋಜನೆಯನ್ನು ಪೋಷಿಸುತ್ತಿದ್ದ ನೋವೆಲ್ ಕಂಪನಿಯನ್ನು 2011ರಲ್ಲಿ ಅಟ್ಯಾಚ್‌ಮೇಟ್ ಕೊಂಡುಕೊಂಡಾಗ ಮೊನೊ ತಂಡದವರು ಕೆಲಸ ಕಳೆದುಕೊಂಡರು. ಅದೇ ಮೇ ತಿಂಗಳಲ್ಲಿ ಮಿಗೆಲ್ ಡಿ ಇಕಾಜಾ ಮತ್ತು ನ್ಯಾಟ್ ಫ್ರೀಡ್‌ಮನ್ ಸೇರಿ ಝಾಮರಿನ್ ಕಂಪನಿ ಕಟ್ಟಿದರು. 2013ರ ಹೊತ್ತಿಗೆ ಒಬ್ಬಂಟಿ ಡೆವಲಪರಿಗೆ ವರ್ಷಕ್ಕೆ 299 ಡಾಲರ್, ಕೋಡ್ ಬರೆಯುವ ಮೈಕ್ರೋಸಾಫ್ಟ್‌ನ ತಂತ್ರಾಂಶವಾದ ವಿಷುವಲ್ ಸ್ಟುಡಿಯೋದೊಳಗೆ ಕೆಲಸ ಮಾಡಬೇಕೆನ್ನುವ ಕಂಪನಿಗೆ 999 ಡಾಲರ್ ಎಂಬ ದರವಿತ್ತು. ಅದೂ ಒಂದು ವೇದಿಕೆಗೆ ಮಾತ್ರ. ಆಂಡ್ರಾಯ್ಡ್, ಐಒಎಸ್ ಎರಡೂ ಬೇಕೆಂದರೆ ಒಬ್ಬ ಡೆವಲಪರ್ ಮೇಲೆ ವರ್ಷಕ್ಕೆ 1,998 ಡಾಲರ್, ಆಗಿನ ವಿನಿಮಯ ದರದಲ್ಲಿ ಒಂದು ಲಕ್ಷ ರೂಪಾಯಿಗೂ ಮೇಲೆ. ನಮ್ಮ ಕಡೆಯ ಸಣ್ಣ ಕಂಪನಿಗಳಲ್ಲಿ ಒಬ್ಬ ಹೊಸ ಪದವೀಧರನ ಹಲವು ತಿಂಗಳ ಸಂಬಳವೇ ಅದಾಗಿತ್ತು.

ಮೈಕ್ರೋಸಾಫ್ಟ್ 2016ರ ಫೆಬ್ರುವರಿಯಲ್ಲಿ ಕಂಪನಿಯನ್ನು ಕೊಂಡುಕೊಂಡಿತು. ಮಾರ್ಚ್ 31ರಂದು ತನ್ನ ಬಿಲ್ಡ್ ಸಮಾವೇಶದಲ್ಲಿ ಝಾಮರಿನ್ ಎಲ್ಲರಿಗೂ ಉಚಿತವೆಂದೂ, ಅದರ ಮೂಲ ಕೋಡನ್ನು ಮುಕ್ತಗೊಳಿಸುವುದಾಗಿಯೂ ಘೋಷಿಸಿತು. ಅಂದು ನಾವೆಲ್ಲ ಸಂತೋಷಪಟ್ಟೆವು, ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಂದಿನಿಂದ ನಮ್ಮ ಸ್ಥಾನವೂ ಬದಲಾಯಿತು. ಝಾಮರಿನ್ ಕಂಪನಿ ಬದುಕುತ್ತಿದ್ದದ್ದೇ ನಮ್ಮ 999 ಡಾಲರುಗಳಿಂದ. ಆ್ಯಪಲ್ ಹೊಸ ಐಒಎಸ್ ಬಿಟ್ಟ ದಿನವೇ ಅದಕ್ಕೆ ಹೊಂದುವ ಝಾಮರಿನ್ ಆವೃತ್ತಿಯೂ ಬರುತ್ತಿದ್ದುದು ಆ ಹಣದ ಬಲದಿಂದ. ಉಚಿತವಾದ ಮೇಲೆ ಅದೊಂದು ದೊಡ್ಡ ಕಂಪನಿಯ ಖರ್ಚಿನ ಪಟ್ಟಿಯಲ್ಲಿನ ಸಾಲಾಯಿತು. ಮ್ಯಾಕ್‌ಗಾಗಿ ಇದ್ದ ವಿಷುವಲ್ ಸ್ಟುಡಿಯೋ 2024ರ ಆಗಸ್ಟ್ 31ಕ್ಕೆ ನಿಂತಿತು, ಆ್ಯಪ್ ಕಟ್ಟಲು ಮತ್ತು ಪರೀಕ್ಷಿಸಲು ಬಳಸುತ್ತಿದ್ದ ಆ್ಯಪ್ ಸೆಂಟರ್ ಸೇವೆ 2025ರ ಮಾರ್ಚ್ 31ಕ್ಕೆ ಮುಚ್ಚಿತು.

ಮೌಯಿಗೆ ಹೋಗುವ ಮುನ್ನ ಅದರ ಬೆಂಬಲದ ಅವಧಿಯನ್ನು ಓದಿಕೊಳ್ಳಿ. ಡಾಟ್‌ನೆಟ್ 8 ದೀರ್ಘಾವಧಿ ಬೆಂಬಲದ ಆವೃತ್ತಿ, ಅದಕ್ಕೆ 2026ರ ನವೆಂಬರ್‌ವರೆಗೆ ಬೆಂಬಲವಿದೆ. ಆದರೆ ಅದೇ ಡಾಟ್‌ನೆಟ್ 8ರ ಜೊತೆ ಬಂದ ಮೌಯಿಗೆ 2025ರ ಮೇ 14ಕ್ಕೇ ಬೆಂಬಲ ಮುಗಿಯಿತು. ಮೌಯಿಯಲ್ಲಿ ಪ್ರತಿ ಆವೃತ್ತಿಯ ಆಯುಸ್ಸು ಸುಮಾರು ಒಂದೂವರೆ ವರ್ಷ. ನಾಲ್ವರ ತಂಡಕ್ಕೆ ಇದು ಪ್ರತಿ ವರ್ಷ ತೆರಬೇಕಾದ ಶ್ರಮದ ಶುಲ್ಕವೇ ಸರಿ.

ಮುಕ್ತ ಪರವಾನಗಿ

ಮೇಲಿನ ಪೋಸ್ಟಿನಲ್ಲಿ ಹಿರಿಯರು ಹೇಳಿದ ಇತಿಹಾಸದ ಬಗ್ಗೆ ನನ್ನ ತಕರಾರಿಲ್ಲ, ತೀರ್ಮಾನದ ಬಗ್ಗೆ ಇದೆ. ಹಣ ಕೊಟ್ಟರೆ ವೇದಿಕೆ ಉಳಿಯುತ್ತದೆ ಎಂಬುದಕ್ಕೆ ಈ ಕ್ಷೇತ್ರದಲ್ಲಿ ಆಧಾರ ಕಡಿಮೆ. ಟೈಟೇನಿಯಂ ಎಂಬ ಆ್ಯಪ್ ಕಟ್ಟುವ ಉಪಕರಣವನ್ನು ಬಳಸಲು ಕಂಪನಿಗಳು ಅದರ ತಯಾರಕ ಆ್ಯಪ್‌ಸೆಲರೇಟರ್‌ಗೆ ಹಣ ಕೊಡುತ್ತಿದ್ದವು. 2016ರಲ್ಲಿ ಆಕ್ಸ್‌ವೇ ಅದನ್ನು ಕೊಂಡುಕೊಂಡು 2022ರ ಮಾರ್ಚ್‌ನಲ್ಲಿ ಬೆಂಬಲ ನಿಲ್ಲಿಸಿತು. ವೆಬ್ ಕೋಡಿನಿಂದ ಆ್ಯಪ್ ಕಟ್ಟಿಕೊಡುವ ಫೋನ್‌ಗ್ಯಾಪ್ ಬಿಲ್ಡ್ ಸೇವೆಯಲ್ಲೂ ಹಣ ಕೊಡುವ ಯೋಜನೆಗಳಿದ್ದವು, ಅಡೋಬಿ ಅದನ್ನು 2020ರ ಅಕ್ಟೋಬರ್ 1ಕ್ಕೆ ಮುಚ್ಚಿತು. ಆ್ಯಪ್‌ಗಳಿಗೆ ಸಿದ್ಧ ಸರ್ವರ್ ಒದಗಿಸುತ್ತಿದ್ದ ಪಾರ್ಸ್ ಸೇವೆಯನ್ನು 2013ರಲ್ಲಿ ಕೊಂಡ ಫೇಸ್‌ಬುಕ್ 2017ರ ಜನವರಿಯಲ್ಲಿ ಅದರ ಬಾಗಿಲು ಹಾಕಿತು.

ಈ ಮೂರರಲ್ಲೂ ಹಣ ತೆತ್ತವರು, ತೆರದವರು ಇಬ್ಬರೂ ಒಂದೇ ದಿನ ಹೊರಗೆ ಬಂದರು. ಆದರೆ ಹೊರಗೆ ಬಂದಾಗ ಅವರ ಕೈಯಲ್ಲಿ ಏನಿತ್ತು ಎಂಬುದನ್ನು ಲೈಸೆನ್ಸ್ ನಿರ್ಧರಿಸಿತು. ಪಾರ್ಸ್‌ನ ಸರ್ವರ್ ಕೋಡ್ ಮುಕ್ತವಾದದ್ದರಿಂದ ಸಾಕಷ್ಟು ಆ್ಯಪ್‌ಗಳು ಸ್ವಂತ ಸರ್ವರಿಗೆ ಹೋಗಿ ಉಳಿದವು. ಫೋನ್‌ಗ್ಯಾಪ್‌ನ ಒಡಲು ಅಪಾಚೆ ಕಾರ್ಡೋವಾ ಆಗಿ ಇಂದಿಗೂ ಇದೆ. ಟೈಟೇನಿಯಂ ಅನ್ನು ಬಳಕೆದಾರರ ಸಮುದಾಯವೇ ಕೈಗೆತ್ತಿಕೊಂಡು ಮುಂದುವರಿಸುತ್ತಿದೆ. ಆದ್ದರಿಂದ ಹುಬ್ಬಳ್ಳಿಯ ತಂಡದವರು ದರಪಟ್ಟಿಗಿಂತ ಮೊದಲು ಲೈಸೆನ್ಸಿನ ಪಠ್ಯವನ್ನು ಓದಬೇಕು. ಫ್ಲಟರ್ ಬಿಎಸ್‌ಡಿ ಲೈಸೆನ್ಸಿನಲ್ಲಿದೆ, ಅಂಥದ್ದೇ ಮತ್ತೊಂದು ಉಪಕರಣವಾದ ರಿಯಾಕ್ಟ್ ನೇಟಿವ್ ಎಂಐಟಿಯಲ್ಲಿದೆ, ಕಾಟ್ಲಿನ್ ಅಪಾಚೆಯಲ್ಲಿದೆ. ಈ ಮೂರೂ ಯಾರು ಬೇಕಾದರೂ ಬಳಸಿ, ಬದಲಾಯಿಸಿ, ಹಂಚಲು ಬಿಡುವ ಮುಕ್ತ ಲೈಸೆನ್ಸುಗಳು. ಒಮ್ಮೆ ಈ ಷರತ್ತಿನಲ್ಲಿ ಬಿಡುಗಡೆಯಾದ ಆವೃತ್ತಿಯನ್ನು ಯಾವ ಕಂಪನಿಯೂ ನಮ್ಮಿಂದ ಕಿತ್ತುಕೊಳ್ಳಲಾರದು.

ಮೊನೊ ಕಾಲದಿಂದ

ಒಂದು ಮಾತನ್ನು ಸೇರಿಸಲೇಬೇಕು. ಝಾಮರಿನ್‌ನ ಕೋಡ್ ಕೂಡ ಎಂಐಟಿ ಲೈಸೆನ್ಸಿನಲ್ಲೇ ಇದೆ. 2024ರ ಮೇ ತಿಂಗಳಲ್ಲಿ ಯಾರು ಬೇಕಾದರೂ ಅದನ್ನು ಎತ್ತಿಕೊಂಡು ಹೊಸ ಎಪಿಐಗೆ ಹೊಂದಿಸಬಹುದಿತ್ತು, ಕಾನೂನಿನ ತಡೆ ಇರಲಿಲ್ಲ. ಆ ಭಾರವನ್ನು ಹೊತ್ತು ಇಂದು ನೀವು ನಂಬಬಹುದಾದ ಮಟ್ಟಕ್ಕೆ ಅದನ್ನು ತಂದವರಿಲ್ಲ. ಗೂಗಲ್ ಮತ್ತು ಆ್ಯಪಲ್ ಪ್ರತಿ ವರ್ಷ ತಮ್ಮ ವ್ಯವಸ್ಥೆಯನ್ನು ಬದಲಾಯಿಸುತ್ತವೆ. ಆ ಎರಡು ಬದಲಾವಣೆಗಳ ಬೆನ್ನು ಹತ್ತುವುದಕ್ಕೆ ಸಂಬಳ ಪಡೆದು ದಿನವಿಡೀ ಅದನ್ನೇ ಮಾಡುವವರು ಬೇಕು. ಲೈಸೆನ್ಸ್ ಹಕ್ಕನ್ನು ಕೊಡುತ್ತದೆ, ಆ ಹಕ್ಕನ್ನು ಚಲಾಯಿಸುವ ಕೈಗಳನ್ನು ಕೊಡುವುದಿಲ್ಲ. ಡೆಸ್ಕ್‌ಟಾಪಿನ ಒಂದು ಗ್ರಂಥಾಲಯ (ಸಿದ್ಧ ಕೋಡಿನ ಕಟ್ಟು) ಹತ್ತು ವರ್ಷ ಯಾರೂ ಮುಟ್ಟದಿದ್ದರೂ ಕೆಲಸ ಮಾಡೀತು, ಮೊಬೈಲಿನಲ್ಲಿ ಎರಡು ವರ್ಷ ಮುಟ್ಟದಿದ್ದರೆ ಸ್ಟೋರಿನ ನಿಯಮವೇ ಅದನ್ನು ಹೊರಗಿಡುತ್ತದೆ.

ಆಟದಂಗಳ, ಬೆಂಗಳೂರು

ನಾವು ಮೊಬೈಲ್ ಆಟಗಳನ್ನು ಮಾಡುವವರು. ಷರತ್ತು ಬದಲಾಯಿಸುವ ಅಧಿಕಾರದ ಬಗ್ಗೆ ಮೊದಲ ಪೋಸ್ಟಿನಲ್ಲಿ ಕೇಳಿದ್ದಕ್ಕೆ ನಮ್ಮ ಕ್ಷೇತ್ರದಲ್ಲಿ ಸ್ಪಷ್ಟ ಉದಾಹರಣೆಯಿದೆ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆಟ ಕಟ್ಟುವ ಎಂಜಿನ್ ತಯಾರಿಸುವ ಯೂನಿಟಿ ಕಂಪನಿ 2023ರ ಸೆಪ್ಟೆಂಬರ್ 12ರಂದು ರನ್‌ಟೈಮ್ ಶುಲ್ಕವೆಂಬ ಹೊಸ ಪದ್ಧತಿಯನ್ನು ಪ್ರಕಟಿಸಿತು. ಅಲ್ಲಿಯವರೆಗೆ ಯೂನಿಟಿಗೆ ಕೊಡುತ್ತಿದ್ದದ್ದು ಡೆವಲಪರ್ ತಲೆಗೆ ಇಷ್ಟು ಎಂಬ ವಾರ್ಷಿಕ ಮೊತ್ತ. ಹೊಸ ಪದ್ಧತಿಯಲ್ಲಿ ಆಟಗಾರರು ಆಟವನ್ನು ಇನ್‌ಸ್ಟಾಲ್ ಮಾಡಿಕೊಂಡ ಲೆಕ್ಕಕ್ಕೆ ಹಣ ಕೊಡಬೇಕಿತ್ತು. ಕಡಿಮೆ ದರ್ಜೆಯ ಯೋಜನೆಗಳಲ್ಲಿ ಹನ್ನೆರಡು ತಿಂಗಳ ಆದಾಯ 2,00,000 ಡಾಲರ್, ಒಟ್ಟು ಇನ್‌ಸ್ಟಾಲ್ 2,00,000 ದಾಟಿದ ಮೇಲೆ ಪ್ರತಿ ಹೊಸ ಇನ್‌ಸ್ಟಾಲಿಗೆ 20 ಸೆಂಟ್. ಅಮೆರಿಕ, ಬ್ರಿಟನ್‌ನಂಥ ಪಟ್ಟಿ ಮಾಡಿದ ದೇಶಗಳನ್ನು ಬಿಟ್ಟು ಉಳಿದ ಮಾರುಕಟ್ಟೆಗಳಲ್ಲಿ 2 ಸೆಂಟ್. 2 ಸೆಂಟ್ ಎಂದರೆ ಆಗಿನ ದರದಲ್ಲಿ ಒಂದೂವರೆ ರೂಪಾಯಿಗಿಂತ ತುಸು ಹೆಚ್ಚು. ಕೇಳಲು ಅಲ್ಪ ಮೊತ್ತ. ಆದರೆ ನಮ್ಮ ದೇಶದ ಉಚಿತ ಆಟಗಳ ಆದಾಯ ಬಹುಪಾಲು ಜಾಹೀರಾತಿನಿಂದ ಬರುತ್ತದೆ, ಒಮ್ಮೆ ಇನ್‌ಸ್ಟಾಲ್ ಮಾಡಿ ಎರಡು ನಿಮಿಷ ಆಡಿ ತೆಗೆದುಹಾಕುವವರಿಂದ ಅಷ್ಟೂ ಹುಟ್ಟುವುದಿಲ್ಲ. ಆಟ ಜನಪ್ರಿಯವಾದಷ್ಟೂ ನಷ್ಟ ಹೆಚ್ಚುವ ಲೆಕ್ಕಾಚಾರ ಅದಾಗಿತ್ತು.

ನಮ್ಮನ್ನೆಲ್ಲ ಹೆಚ್ಚು ಕಂಗೆಡಿಸಿದ್ದು ಮೊತ್ತಕ್ಕಿಂತ ಅದರ ಅನ್ವಯ. 2024ರ ಜನವರಿ 1ರಿಂದ ಈ ಶುಲ್ಕ ಈಗಾಗಲೇ ಮಾರುಕಟ್ಟೆಯಲ್ಲಿರುವ ಆಟಗಳ ಹೊಸ ಇನ್‌ಸ್ಟಾಲುಗಳಿಗೂ ಬೀಳುವುದಿತ್ತು. ಹಳೆಯ ಆವೃತ್ತಿಯನ್ನೇ ಬಳಸುವವರಿಗೆ ಹಳೆಯ ಷರತ್ತುಗಳೇ ಅನ್ವಯಿಸುತ್ತವೆ ಎಂಬ ಭರವಸೆಯನ್ನು ಯೂನಿಟಿ 2019ರಲ್ಲಿ ತಾನಾಗಿ ಕೊಟ್ಟಿತ್ತು. 2023ರ ಹೊತ್ತಿಗೆ ಅದರ ಷರತ್ತುಗಳಲ್ಲಿ ಆ ಸಾಲುಗಳು ಉಳಿದಿರಲಿಲ್ಲ.

ಪ್ರತಿಭಟನೆ ಜೋರಾದ ಮೇಲೆ ಸೆಪ್ಟೆಂಬರ್ 22ರಂದು ಕಂಪನಿ ಹಿಂದೆ ಸರಿಯಿತು. ಶುಲ್ಕವನ್ನು 2024ರಿಂದ ಬರುವ ಹೊಸ ಆವೃತ್ತಿಗಳಿಗೆ ಮಾತ್ರ ಸೀಮಿತಗೊಳಿಸಿ, ಬೇಕಿದ್ದವರು ಆದಾಯದ ಶೇ 2.5ರಷ್ಟನ್ನು ಕೊಡಬಹುದೆಂದಿತು. ಅಕ್ಟೋಬರ್ 9ರಂದು ಸಿಇಒ ಜಾನ್ ರಿಚಿಟಿಯೆಲ್ಲೊ ಹುದ್ದೆ ಬಿಟ್ಟರು. ಮರುವರ್ಷ, 2024ರ ಸೆಪ್ಟೆಂಬರ್ 12ರಂದು, ಹೊಸ ಸಿಇಒ ಮ್ಯಾಥ್ಯೂ ಬ್ರಾಂಬರ್ಗ್ ಈ ಶುಲ್ಕವನ್ನು ಪೂರ್ತಿ ರದ್ದು ಮಾಡಿದರು. ಅದರ ಬದಲಿಗೆ ಪ್ರೊ ಯೋಜನೆಯ ದರವನ್ನು ಶೇ 8ರಷ್ಟು ಏರಿಸಿ ಒಬ್ಬ ಡೆವಲಪರಿಗೆ ವರ್ಷಕ್ಕೆ 2,200 ಡಾಲರ್ ಮಾಡಿದರು. ಆ ಏರಿಕೆಗೆ ನನ್ನ ಆಕ್ಷೇಪವಿಲ್ಲ; ತಲೆಗೆ ಇಷ್ಟು ಎಂದರೆ ಬಜೆಟಿನಲ್ಲಿ ಬರೆದುಕೊಳ್ಳಬಹುದು. ಮುಂದಿನ ವರ್ಷ ಯಾವುದರ ಮೇಲೆ ಲೆಕ್ಕ ಹಾಕುತ್ತಾರೋ ತಿಳಿಯದಿದ್ದರೆ ಮಾತ್ರ ಬರೆದುಕೊಳ್ಳಲು ಬರುವುದಿಲ್ಲ.

ಈಗ ನಮ್ಮ ಹೊಸ ಚಿಕ್ಕ ಆಟಗಳನ್ನು ಗೊಡೋ ಎಂಬ ಮುಕ್ತ ಎಂಜಿನ್ನಿನಲ್ಲಿ ಮಾಡುತ್ತಿದ್ದೇವೆ. 2014ರಿಂದ ಅದು ಎಂಐಟಿ ಲೈಸೆನ್ಸಿನಲ್ಲಿದೆ. ಜಾಹೀರಾತು ಎಸ್‌ಡಿಕೆಗಳ (ಕಂಪನಿಗಳು ಜೋಡಿಸಿಕೊಳ್ಳಲು ಕೊಡುವ ಸಿದ್ಧ ಕೋಡ್) ಜೋಡಣೆ ಯೂನಿಟಿಯಲ್ಲಿ ಆಗುವಷ್ಟು ಸಲೀಸಾಗಿ ಅಲ್ಲಿ ಆಗುವುದಿಲ್ಲ, ಅದಕ್ಕೆ ನಮ್ಮ ಒಬ್ಬ ಹುಡುಗನ ಸಮಯ ಹೋಗುತ್ತದೆ. ಆ ಖರ್ಚು ನಮ್ಮ ಹಿಡಿತದಲ್ಲಿದೆ ಎಂಬ ಕಾರಣಕ್ಕೆ ಒಪ್ಪಿಕೊಂಡಿದ್ದೇವೆ.

ವಿದ್ಯಾರ್ಥಿನಿ, ಮೈಸೂರು

ನಾನು ಎಂಸಿಎ ಕೊನೆಯ ವರ್ಷದಲ್ಲಿದ್ದೇನೆ. ಕಲಿಯುವವರು ಮೊದಲ ಆ್ಯಪ್ ಹೊರತರಲು ಕನಿಷ್ಠ ಎಷ್ಟು ಖರ್ಚು ಬರುತ್ತದೆ ಎಂದು ಯಾರಾದರೂ ತಿಳಿಸುವಿರಾ? ಉಪಕರಣಗಳೆಲ್ಲ ಉಚಿತ ಎನ್ನುತ್ತಾರೆ, ಆದರೂ ನನ್ನ ಸಹಪಾಠಿಗಳ ಹೆಚ್ಚಿನ ಆ್ಯಪ್‌ಗಳು ಲ್ಯಾಪ್‌ಟಾಪಿನಲ್ಲೇ ಉಳಿದುಬಿಡುತ್ತವೆ.

ಮುಕ್ತ ಪರವಾನಗಿ

ಪ್ಲೇ ಸ್ಟೋರಿಗೆ ಒಮ್ಮೆ 25 ಡಾಲರ್. ಆ್ಯಪಲ್‌ಗೆ ಪ್ರತಿ ವರ್ಷ 99 ಡಾಲರ್, ಜೊತೆಗೆ ಐಫೋನ್ ಆ್ಯಪ್ ಕಟ್ಟುವ ಎಕ್ಸ್‌ಕೋಡ್ ಮ್ಯಾಕ್‌ನಲ್ಲಿ ಮಾತ್ರ ಓಡುವುದರಿಂದ ಒಂದು ಮ್ಯಾಕ್ ಕೊಳ್ಳಬೇಕು ಅಥವಾ ಬಾಡಿಗೆಗೆ ಪಡೆಯಬೇಕು. ಪ್ಲೇ ಸ್ಟೋರಿನಲ್ಲಿ ಹೊಸದಾಗಿ ತೆರೆದ ವೈಯಕ್ತಿಕ ಖಾತೆಗಳಿಗೆ ಮತ್ತೊಂದು ನಿಯಮವಿದೆ: ಕನಿಷ್ಠ 12 ಮಂದಿ 14 ದಿನ ಬಿಡದೆ ಪರೀಕ್ಷಾ ಆವೃತ್ತಿಯಲ್ಲಿ ನೋಂದಾಯಿಸಿಕೊಂಡಿರಬೇಕು. 2023ರ ನವೆಂಬರ್‌ನಲ್ಲಿ ಈ ನಿಯಮ ತಂದಾಗ 20 ಮಂದಿ ಎಂದಿತ್ತು, ಮರುವರ್ಷ ಇಳಿಸಿದರು. ನಿಮ್ಮ ತರಗತಿಯವರೇ ಪರಸ್ಪರ ಪರೀಕ್ಷಕರಾದರೆ ಇದು ದೊಡ್ಡ ಅಡ್ಡಿಯಲ್ಲ. ಬೆಂಗಳೂರಿನ ಫೋನ್‌ಪೇ ಕಂಪನಿ 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಇಂಡಸ್ ಆ್ಯಪ್‌ಸ್ಟೋರನ್ನೂ ನೋಡಿ, ಅದರ ಮುಖಪುಟ ಕನ್ನಡದಲ್ಲೂ ಸಿಗುತ್ತದೆ.

ಸ್ಟುಟ್‌ಗಾರ್ಟ್‌ನಿಂದ

ಹಕ್ಕು ಮತ್ತು ಕೈಗಳ ಬಗ್ಗೆ ಮೇಲೆ ನಡೆದ ಮಾತು ಮುಖ್ಯವಾದದ್ದು. ಹಕ್ಕನ್ನು ಕೇವಲ ಲೈಸೆನ್ಸಿನಲ್ಲಿ ಬಿಡದೆ ಒಪ್ಪಂದದಲ್ಲಿ ಭದ್ರಪಡಿಸಿದ ಒಂದು ಉದಾಹರಣೆಯನ್ನು ಇಲ್ಲಿ ಕಾರಿನ ಪರದೆಗಳಿಗೆ ಸಾಫ್ಟ್‌ವೇರ್ ಬರೆಯುವ ನಾನು ದಿನವೂ ಬಳಸುತ್ತೇನೆ. ಅದು ಕ್ಯೂಟಿ, ಪರದೆಗಳನ್ನು ಕಟ್ಟುವ ಉಪಕರಣ.

ನಾರ್ವೆಯ ಟ್ರೋಲ್‌ಟೆಕ್ ಅದನ್ನು ಮಾಡಿತು. 2008ರಲ್ಲಿ ನೋಕಿಯಾ ಕೊಂಡಿತು. ತನ್ನ ಫೋನುಗಳಿಗೆಲ್ಲ ಅದೇ ವೇದಿಕೆಯಾಗಲೆಂದು 2009ರಲ್ಲಿ ಎಲ್‌ಜಿಪಿಎಲ್ ಎಂಬ ಮುಕ್ತ ಲೈಸೆನ್ಸನ್ನೂ ಸೇರಿಸಿತು. ನೋಕಿಯಾ ದಾರಿ ಬದಲಿಸಿದ ಮೇಲೆ ಅದು ಡಿಜಿಯಾ ಕಂಪನಿಯ ಕೈಗೆ, ಅಲ್ಲಿಂದ ಪ್ರತ್ಯೇಕ ಕ್ಯೂಟಿ ಕಂಪನಿಗೆ ಹೋಯಿತು. ಇಷ್ಟು ಒಡೆಯರು ಬದಲಾದರೂ ಮುಕ್ತ ಆವೃತ್ತಿ ನಿಲ್ಲಲಿಲ್ಲ. ಕಾರಣ, 1998ರಲ್ಲಿ ಟ್ರೋಲ್‌ಟೆಕ್ ಮತ್ತು ಕ್ಯೂಟಿಯಿಂದ ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟುವ ಕೆಡಿಇ ಸಮುದಾಯ ಸೇರಿ ಒಂದು ಪ್ರತಿಷ್ಠಾನ ಸ್ಥಾಪಿಸಿ ಒಪ್ಪಂದ ಬರೆದುಕೊಂಡಿದ್ದವು. ಕಂಪನಿಯು ಹನ್ನೆರಡು ತಿಂಗಳು ಮುಕ್ತ ಆವೃತ್ತಿ ಬಿಡುಗಡೆ ಮಾಡದಿದ್ದರೆ, ಬಿಎಸ್‌ಡಿ ಮಾದರಿಯ ಲೈಸೆನ್ಸಿನಲ್ಲಿ ಕ್ಯೂಟಿಯನ್ನು ಹೊರತರುವ ಅಧಿಕಾರ ಆ ಪ್ರತಿಷ್ಠಾನಕ್ಕಿದೆ. ಒಡೆತನ ಬದಲಾದಾಗಲೆಲ್ಲ ಹೊಸ ಒಡೆಯರಿಗೂ ಒಪ್ಪಂದ ಅಂಟಿಕೊಂಡೇ ಬಂತು. 2020ರಲ್ಲಿ ದೀರ್ಘಾವಧಿ ಬೆಂಬಲದ ಆವೃತ್ತಿಗಳನ್ನು ಹಣ ಕೊಟ್ಟವರಿಗೆ ಮಾತ್ರ ಕೊಡುವುದಾಗಿ ಕಂಪನಿ ಹೇಳಿದಾಗ ನಮ್ಮಲ್ಲಿ ಆತಂಕ ಹುಟ್ಟಿದ್ದು ನಿಜ. ಆದರೂ ಬಾಗಿಲು ಪೂರ್ತಿ ಮುಚ್ಚಲು ಅದಕ್ಕೆ ಬರುವುದಿಲ್ಲ. ನಮ್ಮ ಕಂಪನಿ ವಾಣಿಜ್ಯ ಲೈಸೆನ್ಸಿಗೆ ಹಣ ಕೊಡುತ್ತದೆ. ಹಣ ಕೊಡುವವರೂ ಇದ್ದು, ಕೊಡದವರ ಹಕ್ಕೂ ಕಾಗದದ ಮೇಲಿರುವ ಈ ವ್ಯವಸ್ಥೆ ನಾನು ಕಂಡವುಗಳಲ್ಲಿ ಹೆಚ್ಚು ಗಟ್ಟಿಯಾದದ್ದು.

ಇದೇ ಅಳತೆಯಲ್ಲಿ ನೋಡಿದರೆ, ರಿಯಾಕ್ಟ್ ಮತ್ತು ರಿಯಾಕ್ಟ್ ನೇಟಿವ್ ಅನ್ನು ಲಿನಕ್ಸ್ ಫೌಂಡೇಶನ್ ಅಡಿಯ ಪ್ರತ್ಯೇಕ ಪ್ರತಿಷ್ಠಾನಕ್ಕೆ ವಹಿಸುವುದಾಗಿ ಮೆಟಾ 2025ರ ಅಕ್ಟೋಬರ್‌ನಲ್ಲಿ ಘೋಷಿಸಿದ್ದು ಒಳ್ಳೆಯ ಬೆಳವಣಿಗೆ. ಕಾಟ್ಲಿನ್‌ಗೆ ಅದನ್ನು ರೂಪಿಸಿದ ಜೆಟ್‌ಬ್ರೇನ್ಸ್ ಮತ್ತು ಗೂಗಲ್ ಸೇರಿ ಕಟ್ಟಿದ ಪ್ರತಿಷ್ಠಾನವಿದೆ. ಫ್ಲಟರ್‌ನ ಚುಕ್ಕಾಣಿ ಮಾತ್ರ ಇನ್ನೂ ಗೂಗಲ್ ಒಬ್ಬರ ಕೈಯಲ್ಲೇ ಇದೆ.

ಪಿಗ್ಮಿ ತಂಡ, ಹುಬ್ಬಳ್ಳಿ

ಎಲ್ಲರ ಉತ್ತರಗಳನ್ನು ತಂಡದವರು ಕೂತು ಓದಿದೆವು. ನಮ್ಮ ಪರಿಸ್ಥಿತಿಯ ಇನ್ನಷ್ಟು ವಿವರ ಕೊಟ್ಟರೆ ಸಲಹೆ ನೀಡಲು ಅನುಕೂಲವಾಗಬಹುದು.

ವಿಷುವಲ್ ಸ್ಟುಡಿಯೋದ ಉಚಿತವಾದ ಕಮ್ಯುನಿಟಿ ಆವೃತ್ತಿಯನ್ನು ಸಣ್ಣ ಸಂಸ್ಥೆಗಳಲ್ಲಿ ಐವರವರೆಗೆ ಬಳಸಬಹುದು, ನಾವು ಆ ಮಿತಿಯೊಳಗಿದ್ದೇವೆ. ಇನ್ನಿಬ್ಬರನ್ನು ಸೇರಿಸಿಕೊಂಡ ದಿನ ಆ ಮಿತಿ ದಾಟಿ ಹಣದ ಲೈಸೆನ್ಸ್ ಬೇಕಾಗುತ್ತದೆ, ಅದನ್ನು ಬಜೆಟಿಗೆ ಸೇರಿಸಿದ್ದೇವೆ. ನಮಗೆ ನಿಜವಾಗಿ ತೊಡಕಾಗಿರುವುದು ಕಣ್ಣಿಗೆ ಬೀಳದ ಎರಡು ತುಣುಕುಗಳು. ಮೊದಲನೆಯದು ಪ್ರಿಂಟರ್. ತಯಾರಕರು ಜಾವಾದಲ್ಲಿ ಎಸ್‌ಡಿಕೆ ಕೊಡುತ್ತಾರೆ, ಅದನ್ನು ಸಿ ಶಾರ್ಪ್‌ನಿಂದ ಕರೆಯಲು ನಾವು ಬೈಂಡಿಂಗ್, ಅಂದರೆ ಎರಡು ಭಾಷೆಗಳ ನಡುವಿನ ಕೊಂಡಿಯನ್ನು, ಬರೆದಿದ್ದೇವೆ, ವೇದಿಕೆ ಬದಲಾದರೆ ಅದನ್ನು ಪರಿಶೀಲಿಸಿ ಮತ್ತೆ ಹೊಂದಿಸಬೇಕು. ಎರಡನೆಯದು ಫೋನಿನಲ್ಲಿ ಉಳಿಯುವ ಲೆಕ್ಕದ ಗೂಢಲಿಪೀಕರಣ. ಇದಕ್ಕೆ ಎಸ್‌ಕ್ಯೂಎಲ್‌ಸೈಫರ್ ಬಳಸುತ್ತೇವೆ. ಅದರ ಸಮುದಾಯ ಆವೃತ್ತಿಯ ಮೂಲ ಕೋಡ್ ಬಿಎಸ್‌ಡಿ ಲೈಸೆನ್ಸಿನಲ್ಲಿದೆ, ಆದರೆ ಡಾಟ್‌ನೆಟ್‌ಗೆಂದು ಸಿದ್ಧಗೊಳಿಸಿದ ಅಧಿಕೃತ ಪ್ಯಾಕೇಜನ್ನು ಅದರ ತಯಾರಕರು ಹಣಕ್ಕೆ ಮಾರುತ್ತಾರೆ. 2025ರ ನವೆಂಬರ್ 1ರಿಂದ ಆಂಡ್ರಾಯ್ಡ್ 15ನ್ನು ಗುರಿಯಾಗಿಸುವ ಆ್ಯಪ್‌ಗಳು 16 ಕೆಬಿ ಮೆಮೊರಿ ಪುಟಗಳಿಗೆ (ಫೋನು ಮೆಮೊರಿಯನ್ನು ಹಂಚುವ ಘಟಕ) ಹೊಂದಬೇಕೆಂದು ಪ್ಲೇ ಸ್ಟೋರ್ ಹೇಳಿರುವುದರಿಂದ, ಹಳೆಯ ಸಿದ್ಧ ಕಡತಗಳನ್ನು ಹಾಗೆಯೇ ಜೋಡಿಸುವುದಕ್ಕೂ ಬರುವುದಿಲ್ಲ. ಒಂದೋ ಹಣ ಕೊಡಬೇಕು, ಇಲ್ಲವೇ ನಾವೇ ಮೂಲದಿಂದ ಕಟ್ಟಿಕೊಳ್ಳಬೇಕು.

ಮತ್ತೊಂದು ಪ್ರಶ್ನೆ. ಕೆಲವು ಸಂಘಗಳು ಸ್ಟೋರ್ ಬೇಡ, ಎಪಿಕೆ (ಆ್ಯಪಿನ ಇನ್‌ಸ್ಟಾಲ್) ಕಡತವನ್ನೇ ಏಜೆಂಟರ ಫೋನಿಗೆ ಹಾಕಿಕೊಡಿ ಎನ್ನುತ್ತವೆ. ಸ್ಟೋರಿನ ಗೋಜಿಗೇ ಹೋಗದೆ ಹೀಗೆ ಮುಂದುವರಿಯುವುದು ಸಾಧ್ಯವೇ?

ಸಹಕಾರ ಸಂಘದ ಐಟಿ ವಿಭಾಗ, ಶಿವಮೊಗ್ಗ

ನಾನು ಎದುರು ಬದಿಯವನು, ಇಂಥ ಆ್ಯಪ್ ಕೊಳ್ಳುವ ಸಂಘದಲ್ಲಿ ಕೆಲಸ ಮಾಡುತ್ತೇನೆ. ಎಪಿಕೆ ಬಗ್ಗೆ ಮೊದಲು ಹೇಳುತ್ತೇನೆ. ಸ್ಟೋರಿನ ಹೊರಗಿನಿಂದ ಹಾಕುವ ಆ್ಯಪ್‌ಗಳ ತಯಾರಕರೂ ತಮ್ಮ ಗುರುತನ್ನು ದೃಢಪಡಿಸಿಕೊಳ್ಳಬೇಕೆಂಬ ನಿಯಮವನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ ಆರಂಭಿಸಿ 2027ರಿಂದ ಉಳಿದ ದೇಶಗಳಿಗೆ ವಿಸ್ತರಿಸುವುದಾಗಿ ಹೇಳಿದೆ. ಅನುಭವಿ ಬಳಕೆದಾರರಿಗೆ ಬೇರೆ ದಾರಿ ಇಡುವುದಾಗಿ ಆಮೇಲೆ ತಿಳಿಸಿದ್ದರೂ, ಪಿಗ್ಮಿ ಏಜೆಂಟರು ಪ್ರತಿಯೊಬ್ಬರೂ ಎಚ್ಚರಿಕೆಯ ಪರದೆಗಳನ್ನು ದಾಟಿ ಆ್ಯಪ್ ಹಾಕಿಕೊಳ್ಳಲಿ ಎಂದು ನಾನಂತೂ ಬಯಸುವುದಿಲ್ಲ. ನಕಲಿ ಎಪಿಕೆಗಳಿಂದ ಜನ ಹಣ ಕಳೆದುಕೊಳ್ಳುತ್ತಿರುವ ಈ ದಿನಗಳಲ್ಲಿ ಅಂಥ ಅಭ್ಯಾಸವನ್ನು ನಾವೇ ಕಲಿಸುವುದು ಸರಿಯಲ್ಲ. ಗುರುತು ದೃಢಪಡಿಸಿಕೊಂಡ ಸಂಸ್ಥೆಯ ಖಾತೆಯಿಂದಲೇ ಕೊಡಿ.

ಎರಡನೆಯ ಮಾತು ಹಣದ್ದು. ನಮ್ಮಂಥ ಸಂಘಗಳು ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಹಣ ಕೊಡುತ್ತವೆ, ಆ ಒಪ್ಪಂದದಲ್ಲಿ ವೇದಿಕೆಯ ಹೆಸರೇ ಇರುವುದಿಲ್ಲ. ಮೂರು ವರ್ಷದ ನಂತರ ತಯಾರಕರು ಬಂದು ಪೂರ್ತಿ ಹೊಸದಾಗಿ ಬರೆಯಬೇಕು, ಇಷ್ಟು ಲಕ್ಷ ಕೊಡಿ ಎಂದರೆ ಆಡಳಿತ ಮಂಡಳಿಗೆ ಅದು ಮೋಸದಂತೆ ಕಾಣುತ್ತದೆ. ದಯವಿಟ್ಟು ಒಪ್ಪಂದದಲ್ಲೇ ಬರೆಯಿರಿ: ವೇದಿಕೆ ಇದು, ಅದರ ಬೆಂಬಲ ಇಂಥ ದಿನಾಂಕದವರೆಗೆ, ಪ್ರತಿ ವರ್ಷ ಹೊಸ ಆಂಡ್ರಾಯ್ಡ್‌ಗೆ ಹೊಂದಿಸುವ ಖರ್ಚು ಇಷ್ಟು. ಮಂಡಳಿಯವರು ರೈತರು, ವರ್ತಕರು. ಗೊತ್ತಿರುವ ಖರ್ಚಿಗೆ ಅವರು ಹಿಂಜರಿಯುವುದಿಲ್ಲ. ನಿಮ್ಮ ತಂಡ ಮುಚ್ಚಿದರೆ ಮೂಲ ಕೋಡ್ ಸಂಘಕ್ಕೆ ಸಿಗುವ ಷರತ್ತನ್ನೂ ಸೇರಿಸಿ. ಕ್ಯೂಟಿಯವರು ಮಾಡಿಕೊಂಡಂಥ ಒಪ್ಪಂದ ನಿಮ್ಮ ಮತ್ತು ನಮ್ಮ ನಡುವೆಯೂ ಇರಬೇಕಲ್ಲವೇ?

ಆಟದಂಗಳ, ಬೆಂಗಳೂರು

ಶಿವಮೊಗ್ಗದವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಸ್ಟೋರಿನ ಕಮಿಷನ್ ಬಗ್ಗೆ ಯಾರೂ ಬರೆದಿಲ್ಲ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಪಿಗ್ಮಿ ಆ್ಯಪ್ ಡಿಜಿಟಲ್ ಸರಕನ್ನು ಮಾರುವುದಿಲ್ಲವಾದ್ದರಿಂದ ಶೇ 15 ಅಥವಾ 30ರ ಕಮಿಷನ್ ಅದಕ್ಕೆ ಬೀಳುವುದಿಲ್ಲ. ನಮ್ಮಂಥವರಿಗೆ ಮಾತ್ರ ಎಂಜಿನ್ ಲೈಸೆನ್ಸಿಗಿಂತ ದೊಡ್ಡ ಖರ್ಚು ಅದೇ. ಪ್ಲೇ ಸ್ಟೋರಿನ ಪಾವತಿ ನಿಯಮಗಳ ಬಗ್ಗೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು, ಮೇಲ್ಮನವಿ ನ್ಯಾಯಮಂಡಳಿ 2025ರಲ್ಲಿ ಅದನ್ನು 216.69 ಕೋಟಿಗೆ ಇಳಿಸಿತು. 2024ರ ಮಾರ್ಚ್ 1ರಂದು ಶುಲ್ಕದ ತಗಾದೆಯಿಂದ ಮದುವೆ ಸಂಬಂಧ, ಉದ್ಯೋಗ ಹುಡುಕಾಟದ ಹೆಸರಾಂತ ಭಾರತೀಯ ಆ್ಯಪ್‌ಗಳೇ ಸ್ಟೋರಿನಿಂದ ಹೊರಬಿದ್ದಿದ್ದವು. ಕೇಂದ್ರ ಸರ್ಕಾರ ಮಧ್ಯ ಪ್ರವೇಶಿಸಿದ ಮೇಲೆ ಮರಳಿದವು. ಅಷ್ಟು ದೊಡ್ಡ ಕಂಪನಿಗಳಿಗೇ ಹಾಗಾದರೆ ಸಣ್ಣ ಡೆವಲಪರುಗಳ ದೂರನ್ನು ಕೇಳುವ ಕಾಯಂ ವ್ಯವಸ್ಥೆಯೊಂದು ನಮ್ಮ ದೇಶದಲ್ಲಿ ಬೇಕೇ ಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಮೊನೊ ಕಾಲದಿಂದ

ಹುಬ್ಬಳ್ಳಿಯವರು ಕೊಟ್ಟ ವಿವರಗಳನ್ನು ನೋಡಿದ ಮೇಲೆ ನನ್ನ ಸಲಹೆ ಸ್ಪಷ್ಟವಾಗಿದೆ. ನಿಮ್ಮ ಏಜೆಂಟರೆಲ್ಲ ಆಂಡ್ರಾಯ್ಡ್ ಫೋನ್ ಬಳಸುವವರಾದರೆ ಎರಡು ವೇದಿಕೆಗೂ ಒಂದೇ ಕೋಡ್ ಎಂಬ ಅನುಕೂಲಕ್ಕೆ ನೀವು ತೆರುತ್ತಿರುವ ಬೆಲೆ ಅನಗತ್ಯ. ನಿಮ್ಮ ಕಷ್ಟದ ಎರಡೂ ತುಣುಕುಗಳು, ಪ್ರಿಂಟರ್ ಮತ್ತು ಗೂಢಲಿಪೀಕರಣ, ಕಾಟ್ಲಿನ್‌ನಲ್ಲಿ ನೇರವಾಗಿ ಸಿಗುತ್ತವೆ. ಜಾವಾ ಎಸ್‌ಡಿಕೆಗೆ ಬೈಂಡಿಂಗ್ ಬೇಕಿಲ್ಲ, ಎಸ್‌ಕ್ಯೂಎಲ್‌ಸೈಫರ್‌ನ ಸಮುದಾಯ ಆವೃತ್ತಿ ಆಂಡ್ರಾಯ್ಡ್‌ಗೆ ಸಿದ್ಧವಾಗಿ ದೊರೆಯುತ್ತದೆ. ಮುಂದೆ ಐಒಎಸ್ ಬೇಕಾದರೆ 2023ರ ನವೆಂಬರ್‌ನಿಂದ ಸ್ಥಿರವೆಂದು ಘೋಷಿತವಾಗಿರುವ ಕಾಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ ಇದೆ. ಬಡ್ಡಿ, ಕಂತು, ದಿನದ ಮುಕ್ತಾಯದ ಲೆಕ್ಕಗಳ ಸಿ ಶಾರ್ಪ್ ಕೋಡನ್ನು ಹೊಸ ಭಾಷೆಗೆ ತರುವುದು ಬೇಸರದ ಕೆಲಸ, ಆದರೆ ಅದಕ್ಕೆ ಪರೀಕ್ಷೆಗಳನ್ನು ಮೊದಲೇ ಬರೆದಿಟ್ಟುಕೊಂಡರೆ ಅಪಾಯ ಕಡಿಮೆ. ಸಿ ಶಾರ್ಪ್‌ನಲ್ಲಿ ಇಷ್ಟು ವರ್ಷ ಕಳೆದವನು ಹೀಗೆ ಹೇಳುವುದು ನನಗೆ ಸುಲಭವಲ್ಲ, ಆದರೂ ನಿಮ್ಮ ಹಿತಕ್ಕೆ ಇದೇ ಸರಿ ಎನಿಸುತ್ತದೆ.

ಮುಕ್ತ ಪರವಾನಗಿ

ಇಲ್ಲಿ ನಾವಿಬ್ಬರೂ ಒಂದೇ ಕಡೆ ಬಂದಿದ್ದೇವೆ. ಒಂದು ವಿನಂತಿ ಮಾತ್ರ: ನೀವು ಬಳಸುವ ಪ್ರತಿ ಗ್ರಂಥಾಲಯದ ಹೆಸರು, ಆವೃತ್ತಿ, ಲೈಸೆನ್ಸ್, ಅದನ್ನು ಯಾರು ನಿರ್ವಹಿಸುತ್ತಾರೆ ಎಂಬುದನ್ನು ಒಂದು ಪಟ್ಟಿಯಲ್ಲಿ ಬರೆದಿಡಿ. ಡಾಟ್‌ನೆಟ್ ಲೋಕದಲ್ಲಿ 2025ರ ಜನವರಿಯಲ್ಲಿ ಫ್ಲೂಯೆಂಟ್ ಅಸರ್ಷನ್ಸ್ ಎಂಬ ಪರೀಕ್ಷಾ ಗ್ರಂಥಾಲಯದ 8ನೆಯ ಆವೃತ್ತಿ ವಾಣಿಜ್ಯ ಬಳಕೆಗೆ ಹಣದ ಲೈಸೆನ್ಸ್ ಆಯಿತು, ಹಿಂದಿನ ಆವೃತ್ತಿ ಮುಕ್ತವಾಗಿಯೇ ಉಳಿಯಿತು. ಅಪ್‌ಡೇಟ್ ಗುಂಡಿಯನ್ನು ಗಮನಿಸದೆ ಒತ್ತಿದವರು ಅರಿವಿಲ್ಲದೆ ಹೊಸ ಷರತ್ತಿಗೆ ಒಳಪಟ್ಟರು. ಸಾಧ್ಯವಾದರೆ ನೀವು ನೆಚ್ಚಿಕೊಂಡಿರುವ ಒಂದೆರಡು ಯೋಜನೆಗಳಿಗೆ ವರ್ಷಕ್ಕೊಮ್ಮೆ ಸ್ವಲ್ಪ ಹಣವನ್ನೂ ಕೊಡಿ; ಹಕ್ಕನ್ನು ಚಲಾಯಿಸುವ ಕೈಗಳಿಗೆ ಎಲ್ಲಿಂದಲಾದರೂ ಸಂಬಳ ಬರಬೇಕಲ್ಲ.

ಪಿಗ್ಮಿ ತಂಡ, ಹುಬ್ಬಳ್ಳಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮ ನಿರ್ಧಾರ ಹೀಗಿದೆ. ಆ್ಯಪನ್ನು ಆಂಡ್ರಾಯ್ಡ್‌ಗಾಗಿ ಕಾಟ್ಲಿನ್‌ನಲ್ಲಿ ಹೊಸದಾಗಿ ಬರೆಯುತ್ತೇವೆ, ಸರ್ವರ್ ಭಾಗವನ್ನು ಡಾಟ್‌ನೆಟ್‌ನಲ್ಲೇ ಉಳಿಸಿಕೊಳ್ಳುತ್ತೇವೆ. ಮೊದಲು ಪ್ರಿಂಟರ್ ಭಾಗ, ಆಮೇಲೆ ಫೋನಿನೊಳಗಿನ ಲೆಕ್ಕ, ಕೊನೆಗೆ ಪರದೆಗಳು ಎಂಬ ಕ್ರಮದಲ್ಲಿ ಹೋಗುತ್ತೇವೆ. ಹೊಸ ವಾರ್ಷಿಕ ಒಪ್ಪಂದದ ಕರಡಿನಲ್ಲಿ ವೇದಿಕೆಯ ಹೆಸರು, ಬೆಂಬಲದ ದಿನಾಂಕ, ವಾರ್ಷಿಕ ಹೊಂದಾಣಿಕೆಯ ಖರ್ಚು ಮತ್ತು ಮೂಲ ಕೋಡ್ ಹಸ್ತಾಂತರದ ಷರತ್ತು ಸೇರಿಸಿದ್ದೇವೆ. ಶಿವಮೊಗ್ಗದವರು ಒಪ್ಪಿದರೆ ಆ ಕರಡನ್ನು ಇಲ್ಲೇ ಹಾಕುತ್ತೇವೆ, ಸಂಘಗಳ ಕಡೆಯಿಂದ ನೋಡಿ ತಿದ್ದಿಕೊಡಬೇಕು.

ಪ್ರಿಂಟರಿನ ಭಾಗವನ್ನು ಪ್ರತ್ಯೇಕ ಗ್ರಂಥಾಲಯವಾಗಿ ಎಂಐಟಿ ಲೈಸೆನ್ಸಿನಲ್ಲಿ ಬಿಡುಗಡೆ ಮಾಡುವ ಯೋಚನೆಯೂ ಇದೆ. ಕನ್ನಡ ಅಕ್ಷರಗಳನ್ನು ಎರಡು ಇಂಚಿನ ಕಾಗದದ ಮೇಲೆ ಚಿತ್ರವಾಗಿ ಮುದ್ರಿಸುವಾಗ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುವ ತೊಂದರೆ ಇನ್ನೂ ಬಗೆಹರಿದಿಲ್ಲ. ಬಸ್ ಟಿಕೆಟ್ ಅಥವಾ ವಿದ್ಯುತ್ ಬಿಲ್ ಯಂತ್ರಗಳಲ್ಲಿ ಇದನ್ನು ಸರಿಪಡಿಸಿದ ಅನುಭವ ಯಾರಿಗಾದರೂ ಇದ್ದರೆ ಸಾಲಿನ ಎತ್ತರವನ್ನು ಹೇಗೆ ಲೆಕ್ಕ ಹಾಕಿದಿರಿ ಎಂದು ತಿಳಿಸಿ.